ಅವ್ವನ ಗಲಿಬಿಲಿ ಅರಳುಮರಳಲ್ಲ

ತಿಕೋಟಾದಿಂದ ಫೋನ್ ಬರುತ್ತೆ ಅಂದ್ಕೊಳ್ಳಿ: “ಅವ್ವ ನಿನ್ನಿಯಿಂದ ಯಾರ ಗುರುತೂ ಹಿಡೀವಲ್ಳು. ರಾತ್ರಿಯೆಲ್ಲಾ ‘ಮನಿಗಿ ಹೋಗೂಣು’ ಅಂತಾಳ.” ಅರವತ್ತಕ್ಕೆ ಅರಳುಮರಳು ಅಂತ ಸುಮ್ಮನಾಗ್ತೀವಿ. ತಪ್ಪಾಗೋದು ಇಲ್ಲೇ.

ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಶುರುವಾದ ಗಲಿಬಿಲಿ ಹೆಚ್ಚಾಗಿ ಡೆಲಿರಿಯಮ್. ಹಳಬರ ಮಾತಲ್ಲಿ ಸನ್ನಿ. ಮೂಲ ಹಲವು ಸಲ ಮಿದುಳಿನ ಹೊರಗಿರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಅಥವಾ ಸೋಡಿಯಂ ಕುಸಿತ, ಹೊಸ ನಿದ್ದೆಮಾತ್ರೆ. ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ದೇಹದ ನೀರು ಕಡಿಮೆಯಾದರೂ ಸಾಕು. ವಯಸ್ಸಾದವರಿಗೆ ಜ್ವರವಿಲ್ಲದೆಯೂ ಸೋಂಕಿರಬಹುದು. ಮಂಕಾಗಿ ಮಲಗಿಬಿಡೋದೂ ಇದರದೇ ಲಕ್ಷಣ.

ಏನು ಮಾಡ್ಬೇಕು? ವಾದಿಸಬೇಡಿ, ಕಟ್ಟಿಹಾಕಬೇಡಿ. ಕನ್ನಡಕ ಹಾಕಿ, ದೀಪ ಉರಿಯಲಿ, ಪರಿಚಿತರು ಪಕ್ಕದಲ್ಲಿರಲಿ. ತಗೊಳ್ತಿರೋ ಎಲ್ಲ ಮಾತ್ರೆಗಳ ಸಮೇತ ಅದೇ ದಿನ ಆಸ್ಪತ್ರೆಗೆ ಹೋಗಿ. ‘ವಯಸ್ಸಾಗಿದೆ’ ಅನ್ನಬೇಡಿ, ‘ನಿನ್ನೆಯಿಂದ ಹೀಗೆ’ ಅನ್ನಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ತಲೆಗೆ ಪೆಟ್ಟಾಗಿದ್ದರೆ ಕೂಡಲೇ 108.

ತಿಕೋಟಾ, ಬಬಲೇಶ್ವರ ಈಗ ತಾಲ್ಲೂಕುಗಳು. ಈ ಸೋಂಕು, ಸಕ್ಕರೆ, ಸೋಡಿಯಂ ಪರೀಕ್ಷೆಗಳು ಅಲ್ಲೇ, ರಾತ್ರಿಯೂ ಆಗುತ್ತವಾ? ತಾಲ್ಲೂಕು ಅಂದ್ರೆ ಬರೀ ಬೋರ್ಡ್ ಅಲ್ಲ ಅಂತ ಕೇಳಬೇಕಾದವರು ನಾವೇ.