ಕಾರ್ಪೊರೇಟರ್ ಬದಲು ಆ್ಯಪ್ ಸಾಕಾ?

ಹಾಲು, ಆಟೊ, ಕರೆಂಟ್ ಬಿಲ್ಲು ಎಲ್ಲವೂ ಫೋನಿನಲ್ಲೇ ಆಗುತ್ತೆ. ವಾರ್ಡಿನ ತೀರ್ಮಾನಗಳಿಗೂ ನಾವೇ ಫೋನಿನಲ್ಲಿ ವೋಟ್ ಹಾಕಿದರಾಯ್ತಲ್ಲ, ನಡುವೆ ಕಾರ್ಪೊರೇಟರ್ ಯಾಕೆ ಅಂತ ಆಫೀಸಿನ ಗೆಳೆಯರು ಕೇಳ್ತಾರೆ. ಬಸವನಗುಡಿಯವನಾದ ನನಗೆ ಇದು ತಮಾಷೆಯ ಪ್ರಶ್ನೆಯಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಊರನ್ನು ಅಧಿಕಾರಿಗಳೇ ನಡೆಸಿದರು.

ಸಾಫ್ಟ್‌ವೇರ್ ಕೆಲಸದವನಾಗಿ ಹೇಳ್ತೀನಿ, ಆ್ಯಪ್ ಮಾಡೋದು ಕಷ್ಟವಲ್ಲ, ಗುಟ್ಟು ಕಾಯೋದು ಕಷ್ಟ. ಮತಗಟ್ಟೆಯಲ್ಲಿ ಇವಿಎಂ ಮುಂದೆ ನೀವೊಬ್ಬರೇ. ಮನೆಯಲ್ಲಿ ಯಾರಾದರೂ ‘ನನ್ನೆದುರೇ ಒತ್ತು’ ಅಂದರೆ? ಬ್ಯಾಂಕ್ ಆ್ಯಪ್‌ನಲ್ಲಿ ತಪ್ಪಾದರೆ ನಿಮ್ಮ ಹೆಸರಿನ ಲೆಕ್ಕ ತೆಗೆದು ನೋಡಬಹುದು. ವೋಟಿನಲ್ಲಿ ಹೆಸರೇ ಇರಬಾರದು, ಆದರೂ ಎಣಿಕೆ ಸರಿಯಿದೆ ಅಂತ ಎಲ್ಲರಿಗೂ ನಂಬಿಕೆ ಬರಬೇಕು. ಅದಕ್ಕೇ ವಿವಿಪ್ಯಾಟ್ ಚೀಟಿ 7 ಸೆಕೆಂಡ್ ಕಾಣಿಸಿ ಡಬ್ಬಿಗೆ ಬೀಳುತ್ತೆ.

ಇನ್ನೊಂದು ತೊಡಕಿದೆ. ಗಾಂಧಿ ಬಜಾರಿನಲ್ಲಿ ಪಾರ್ಕಿಂಗ್ ಇರಬೇಕಾ ಅಂತ ಆ್ಯಪ್ ಕೇಳಿದರೆ ಹೌದು, ಇಲ್ಲ, ಎರಡೇ ಉತ್ತರ. ಹೂವಿನವರು, ಅಂಗಡಿಯವರು, ನಡೆದು ಬರೋ ಅಜ್ಜಿ-ತಾತಂದಿರು ಎಲ್ಲರೂ ಒಪ್ಪೋ ದಾರಿ ಸಿಗಬೇಕಾದರೆ ಕೂತು ಮಾತಾಡಬೇಕು. ತೀರ್ಮಾನ ಎಡವಟ್ಟಾದರೆ ಬಟನ್ ಒತ್ತಿದ ಸಾವಿರಾರು ಜನರಲ್ಲಿ ಯಾರನ್ನು ಕೇಳೋಣ? ಕಾರ್ಪೊರೇಟರ್ ಆದರೆ ಮನೆ ಬಾಗಿಲು ತಟ್ಟಬಹುದು.

ವರ್ಷಕ್ಕೆ ಹಲವು ಸಲ ಜನಮತ ಕೇಳುವ ಸ್ವಿಟ್ಜರ್ಲೆಂಡ್ ಕೂಡ ಸಂಸತ್ತನ್ನು ಬಿಟ್ಟಿಲ್ಲ. ನಮ್ಮಲ್ಲೂ ಫೋನಿನಲ್ಲಿ ಅಭಿಪ್ರಾಯ ಕೇಳಲಿ, ಒಳ್ಳೇದೇ. ಆದರೆ ಮೊದಲು ಬೇಕಿರೋದು ಸಂವಿಧಾನ ಹೇಳಿದಂತೆ ಐದು ವರ್ಷಕ್ಕೊಮ್ಮೆ ತಪ್ಪದೇ ನಡೆಯುವ ಪಾಲಿಕೆ ಚುನಾವಣೆ.