ವಸತಿ ಸಮುಚ್ಚಯಗಳಲ್ಲಿ ಮಧ್ಯಮಾವಧಿ ಬಾಡಿಗೆ: ಮಾಲೀಕರ ಸಂಘವನ್ನು ಒಪ್ಪಿಸುವ ಬಗೆ

ಕಾರ್ಖಾನೆಯಲ್ಲಿ ಹೊಸ ಯಂತ್ರವನ್ನು ಸ್ಥಾಪಿಸಲು ಬರುವ ತಂತ್ರಜ್ಞರು ಎರಡು ದಿನಗಳಲ್ಲಿ ಹಿಂದಿರುಗುವುದಿಲ್ಲ. ಎರಡು ವರ್ಷ ನೆಲೆಸುವುದೂ ಇಲ್ಲ. ಅವರಿಗೆ ಬೇಕಾಗಿರುವುದು ಮೂರರಿಂದ ಹನ್ನೊಂದು ತಿಂಗಳ ವಸತಿ. ವಸಂತನರಸಾಪುರದ ಘಟಕಗಳಿಗೂ, ಕುಣಿಗಲ್‌ನ ಉದ್ದಿಮೆದಾರರಿಗೂ, 2023ರ ಫೆಬ್ರವರಿ 6ರಂದು ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡ ಗುಬ್ಬಿ ತಾಲ್ಲೂಕಿಗೂ ಈ ಅಗತ್ಯ ಸಮಾನವಾದುದು. ತಿಂಗಳುಗಟ್ಟಲೆ ಹೋಟೆಲ್ ವೆಚ್ಚ ಭರಿಸುವುದು ಸಣ್ಣ ಉದ್ಯಮಿಗೆ ಕಷ್ಟಸಾಧ್ಯ. ತುಮಕೂರು ನಗರದ ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ಖಾಲಿಯಿದ್ದು ಮಾಲೀಕರು ಒಪ್ಪಿದರೂ, ಅಲ್ಲಿನ ಸಂಘ ಒಪ್ಪದಿದ್ದರೆ ಕೆಲಸ ಕೆಡುತ್ತದೆ.

ಸಂಘದ ಆತಂಕ ನಿರಾಧಾರವಲ್ಲ. ಅಪರಿಚಿತರ ಓಡಾಟ, ಒಂದೇ ಮನೆಯಲ್ಲಿ ಹತ್ತಾರು ಜನ, ನೀರು ಮತ್ತು ವಾಹನ ನಿಲುಗಡೆಯ ತಕರಾರು ಇವೆಲ್ಲ ಕುಟುಂಬಸ್ಥರನ್ನು ಕಾಡುವ ಸಂಗತಿಗಳೇ. ಆದುದರಿಂದ ವಾದಕ್ಕಿಂತ ಭರವಸೆ ಮುಖ್ಯ.

ಮೊದಲು ಸಂಘದ ಸ್ವರೂಪವನ್ನು ಅರಿಯಬೇಕು. ಕೆಲವು ಸಂಘಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಗೂ, ಹಲವು 1960ರ ಸಂಘಗಳ ನೋಂದಣಿ ಕಾಯಿದೆಗೂ ಒಳಪಟ್ಟಿರುತ್ತವೆ. ಉಪವಿಧಿಯಲ್ಲಿಯೇ ನಿರ್ಬಂಧವಿದ್ದರೆ ಅಧ್ಯಕ್ಷರ ಮೌಖಿಕ ಒಪ್ಪಿಗೆ ಸಾಲದು; ಕ್ರಮಬದ್ಧ ತಿದ್ದುಪಡಿ ಅಗತ್ಯ. ನಿರ್ಬಂಧವಿಲ್ಲದಿದ್ದರೂ ಸರ್ವಸದಸ್ಯರ ಸಭೆಯ ಲಿಖಿತ ನಿರ್ಣಯ ಪಡೆಯುವುದು ಕ್ಷೇಮಕರ.

ಸಭೆಗೆ ಮುನ್ನವೇ ಸದಸ್ಯರಿಗೆ ಹಂಚುವ ಪ್ರಸ್ತಾವನೆಯಲ್ಲಿ ಈ ಅಂಶಗಳಿರಲಿ:

1. ತೊಂಬತ್ತು ದಿನಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಯಿಲ್ಲ. ದಿನಬಾಡಿಗೆ ಸರ್ವಥಾ ನಿಷಿದ್ಧ.
2. ಕೊಠಡಿಗಳಿಗನುಗುಣವಾಗಿ ನಿವಾಸಿಗಳ ಸಂಖ್ಯೆಗೆ ಮಿತಿ.
3. ಕರಾರು ಪತ್ರ ಹಾಗೂ ಗುರುತಿನ ದಾಖಲೆಗಳ ಪ್ರತಿ ಸಂಘಕ್ಕೆ ಮುಂಚಿತವಾಗಿ ಸಲ್ಲಿಕೆ. ವಿದೇಶೀಯರಾದಲ್ಲಿ 24 ಗಂಟೆಗಳೊಳಗೆ ನೋಂದಣಿ ಅಧಿಕಾರಿಗೆ ಮಾಹಿತಿ.
4. ದೂರು ಬಂದಾಗ ಉತ್ತರಿಸುವ ಹೊಣೆ ಮನೆ ಮಾಲೀಕರದು ಮತ್ತು ಉದ್ಯೋಗದಾತ ಸಂಸ್ಥೆಯ ಒಬ್ಬ ನಿಯೋಜಿತ ವ್ಯಕ್ತಿಯದು.
5. ನಿರ್ವಹಣಾ ಶುಲ್ಕದ ಮುಂಗಡ ಪಾವತಿ.
6. ಒಂದು ವರ್ಷದ ಪ್ರಾಯೋಗಿಕ ಅವಧಿ. ಬಳಿಕ ಸಭೆಯಲ್ಲಿ ಪುನರ್ವಿಮರ್ಶೆ.

ಕೊನೆಯ ಅಂಶವೇ ಹೆಚ್ಚು ಫಲಕಾರಿ. ಒಪ್ಪಿಗೆಯನ್ನು ಹಿಂಪಡೆಯುವ ಅವಕಾಶ ತಮಗಿದೆಯೆಂದು ತಿಳಿದಾಗ ಹಿಂಜರಿಯುವವರೂ ಸಮ್ಮತಿಸುವುದುಂಟು.

ಉದ್ಯಮಿಗಳು ತೆರಿಗೆಯನ್ನೂ ಲೆಕ್ಕ ಹಾಕಬೇಕು. 2022ರ ಜುಲೈ 18ರಿಂದ, ಜಿ.ಎಸ್.ಟಿ. ನೋಂದಣಿಯುಳ್ಳ ಕಂಪನಿ ತನ್ನ ಹೆಸರಿನಲ್ಲಿ ವಾಸದ ಮನೆಯನ್ನು ಬಾಡಿಗೆಗೆ ಪಡೆದರೆ ಶೇ. 18ರಷ್ಟು ತೆರಿಗೆಯನ್ನು ಬಾಡಿಗೆದಾರ ಕಂಪನಿಯೇ ಪಾವತಿಸಬೇಕು. ನೋಂದಣಿಯಿಲ್ಲದ ನೌಕರನು ತನ್ನ ವಾಸಕ್ಕಾಗಿ ಸ್ವಂತ ಹೆಸರಿನಲ್ಲಿ ಪಡೆದರೆ ಈ ತೆರಿಗೆ ಇರುವುದಿಲ್ಲ. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದುದರಿಂದಲೇ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ.

"ನಮ್ಮ ಸಂಬಂಧಿಕರು" ಎಂದು ಕಾವಲುಗಾರನಿಗೆ ಸುಳ್ಳು ಹೇಳಿ ಬಾಡಿಗೆದಾರರನ್ನು ಒಳತರುವ ಪರಿಪಾಠವನ್ನು ಮಾತ್ರ ಕೈಬಿಡಬೇಕು. ಅಂತಹ ಒಂದು ಪ್ರಕರಣ ಬಯಲಾದರೆ ಇಡೀ ಸಮುಚ್ಚಯದ ಬಾಗಿಲು ಎಲ್ಲ ಉದ್ಯಮಿಗಳಿಗೂ ಮುಚ್ಚುತ್ತದೆ. ವ್ಯಾಪಾರದಲ್ಲಿ ನಂಬಿಕೆಯೇ ಬಂಡವಾಳವೆಂಬುದು ನಮ್ಮ ಸದಸ್ಯರಿಗೆ ಹೊಸ ಮಾತೇನಲ್ಲ. ವಸತಿಯ ವಿಷಯದಲ್ಲಿಯೂ ಅದು ಅಷ್ಟೇ ಸತ್ಯ.