ಗುಂಡಿ ಒತ್ತಿದರೆ ಗಾಳಿ ತುಂಬುವುದೇ?

ಕಳೆದ ಡಿಸೆಂಬರ್‌ನ ಒಂದು ಮುಂಜಾನೆ ಚಿಕ್ಕಮಗಳೂರಿಗೆ ಹೊರಟಿದ್ದೆವು. ನೆಲಮಂಗಲ ದಾಟುವ ಹೊತ್ತಿಗೆ ಸ್ಟಿಯರಿಂಗಿನ ಮುಂದೆ ಹಳದಿ ದೀಪವೊಂದು ಹೊತ್ತಿಕೊಂಡಿತು. ಕುದುರೆ ಲಾಳದಂಥ ಆಕೃತಿ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಇಳಿದಿದೆ ಎಂಬ ಸೂಚನೆ ಅದು. ಪೆಟ್ರೋಲ್ ಬಂಕಿಗೆ ತಿರುಗಿಸಿದರೆ ಗಾಳಿ ಹಿಡಿಯುವ ಹುಡುಗ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿದ್ದ ಟ್ಯಾಕ್ಸಿ ಚಾಲಕರೊಬ್ಬರು ಬಗ್ಗಿ ನೋಡಿ, ‘ಆ ಸ್ವಿಚ್ ಒತ್ತಿ ಹಿಡ್ಕೊಳ್ಳಿ ಸಾರ್, ಹೋಗುತ್ತೆ’ ಎಂದರು. ಒತ್ತಿ ಹಿಡಿದೆ. ದೀಪ ಆರಿತು, ಮನಸ್ಸೂ ನಿರಾಳವಾಯಿತು. ಚನ್ನರಾಯಪಟ್ಟಣದಲ್ಲಿ ತಿಂಡಿಗೆಂದು ಇಳಿದಾಗ ಹಿಂಬದಿಯ ಎಡ ಟೈರು ಅರ್ಧಕ್ಕರ್ಧ ಕುಸಿದಿತ್ತು. ಅದರೊಳಗೊಂದು ಮೊಳೆ. ಹೆದ್ದಾರಿಯಲ್ಲಿ ಅಷ್ಟು ದೂರ, ಅಷ್ಟು ವೇಗದಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದೆ.

ಆ ಚಾಲಕರು ಸುಳ್ಳು ಹೇಳಿರಲಿಲ್ಲ. ದೀಪ ಹೋಗುತ್ತದೆ ಎಂದಿದ್ದರು, ಹೋಯಿತು. ತಪ್ಪಿದ್ದು ಆ ಗುಂಡಿಯ ಅರ್ಥ ತಿಳಿಯದ ನಾನು.

ನನ್ನ ಕಾರಿನಂಥ ಹಲವು ಕಾರುಗಳಲ್ಲಿ ಟೈರಿನೊಳಗಿನ ಒತ್ತಡವನ್ನು ಯಾವ ಉಪಕರಣವೂ ನೇರವಾಗಿ ಅಳೆಯುವುದಿಲ್ಲ. ಎಬಿಎಸ್ ಬ್ರೇಕಿಗಾಗಿ ಪ್ರತಿ ಚಕ್ರದ ವೇಗವನ್ನು ಅಳೆಯುವ ಸೆನ್ಸರುಗಳಿರುತ್ತವಲ್ಲ, ಅವುಗಳ ಲೆಕ್ಕವನ್ನೇ ಗಣಕ ಎರವಲು ಪಡೆಯುತ್ತದೆ. ಗಾಳಿ ಇಳಿದ ಟೈರು ತುಸು ಕುಗ್ಗುವುದರಿಂದ ಅಷ್ಟೇ ದೂರಕ್ಕೆ ಉಳಿದವಕ್ಕಿಂತ ಕೊಂಚ ಹೆಚ್ಚು ಸುತ್ತುತ್ತದೆ. ಆ ವ್ಯತ್ಯಾಸವೇ ದೀಪ ಹೊತ್ತಲು ಕಾರಣ. ರೀಸೆಟ್ ಗುಂಡಿ ಒತ್ತುವುದೆಂದರೆ, ‘ಈಗಿರುವುದೇ ಸರಿಯಾದ ಸ್ಥಿತಿ, ಇದನ್ನೇ ನೆನಪಿಟ್ಟುಕೋ’ ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟಂತೆ. ಗಾಳಿ ತುಂಬದೆ ಒತ್ತಿದರೆ ಕುಗ್ಗಿದ ಟೈರನ್ನೇ ಅದು ಆರೋಗ್ಯವಂತ ಟೈರೆಂದು ಕಲಿತುಕೊಳ್ಳುತ್ತದೆ. ಪಾಪ, ಯಂತ್ರ ನಂಬುವುದು ಯಜಮಾನನ ಮಾತನ್ನು.

ಈ ದೀಪದ ಹಿಂದೆ ದೊಡ್ಡದೊಂದು ದುರಂತವಿದೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಟದಲ್ಲೇ ಕಿತ್ತುಬಂದು, ವಾಹನಗಳು ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಒತ್ತಡ 26 ಪಿಎಸ್‌ಐ ಸಾಕು ಎಂದು ಕಾರಿನವರು ಶಿಫಾರಸು ಮಾಡಿದ್ದರು, 30 ಇರಬೇಕೆಂದು ಟೈರಿನವರು ವಾದಿಸಿದರು. (ಪಿಎಸ್‌ಐ ಎಂದರೆ ಇಲ್ಲಿ ಠಾಣೆಯವರಲ್ಲ; ಚದರ ಅಂಗುಲಕ್ಕೆ ಇಂತಿಷ್ಟು ಪೌಂಡ್ ಎಂಬ ಅಳತೆ.) ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾಯುತ್ತವೆ, ಕಾದ ಪದರಗಳು ಬಿಟ್ಟುಕೊಳ್ಳುತ್ತವೆ. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಈ ವ್ಯವಸ್ಥೆ ಕಡ್ಡಾಯವಾಯಿತು. ಅಲ್ಲಿಯ ನಿಯಮದಂತೆ ದೀಪ ಹೊತ್ತಲೇಬೇಕಾದದ್ದು ಒತ್ತಡ ಶೇ 25ರಷ್ಟು ಕುಸಿದಾಗ. 32 ಇರಬೇಕಾದ ಕಡೆ 24. ಅಂದರೆ ದೀಪ ಕಾಣಿಸಿಕೊಳ್ಳುವ ವೇಳೆಗಾಗಲೇ ತಡವಾಗಿರಬಹುದು.

ನಮ್ಮಲ್ಲಿ ಈ ದೀಪಕ್ಕೆ ಬೇರೊಂದು ಬಗೆಯ ತೂಕವಿದೆ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ದುರಸ್ತಿ ಕಿಟ್ ಹಾಗೂ ಒತ್ತಡ ಸೂಚಕ ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಡಿಕ್ಕಿಯಲ್ಲಿ ಮಲಗಿರುತ್ತಿದ್ದ ಐದನೆಯ ಚಕ್ರದ ಹೊಣೆಯ ಒಂದು ಪಾಲು ಈ ಪುಟ್ಟ ದೀಪದ ಹೆಗಲಿಗೆ ಬಿದ್ದಿದೆ. ಅದನ್ನೇ ಗುಂಡಿ ಒತ್ತಿ ಬಾಯಿ ಮುಚ್ಚಿಸಿದರೆ?

ಮಾಡಬೇಕಾದದ್ದು ಕಷ್ಟವೇನಲ್ಲ. ಕಾರು ಮೂರು ತಾಸಾದರೂ ನಿಂತು ಟೈರು ತಣ್ಣಗಿರುವಾಗ ಗಾಳಿ ನೋಡಬೇಕು; ಓಡಿ ಕಾದ ಟೈರು ಹೆಚ್ಚಿನ ಅಂಕಿ ತೋರಿಸಿ ಮೋಸ ಮಾಡುತ್ತದೆ. ಎಷ್ಟು ತುಂಬಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ. ಅದನ್ನು ನೋಡಿ ತುಂಬಿಸಬಾರದು. ನಾಲ್ಕೂ ಚಕ್ರಗಳಿಗೆ ತುಂಬಿಸಿದ ಬಳಿಕವಷ್ಟೇ ಗುಂಡಿ ಒತ್ತಬೇಕು. ಆಮೇಲೂ ಯಂತ್ರ ಹೊಸ ಸ್ಥಿತಿಯನ್ನು ಕಲಿಯಲು ಸ್ವಲ್ಪ ದೂರ ಓಡಬೇಕಾಗುತ್ತದೆ. ವಾಲ್ವಿನ ಬುಡದಲ್ಲೇ ಸೆನ್ಸರು ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಗಾಳಿ ತುಂಬಿಸಿ ಓಡಿಸಿದರೆ ದೀಪ ತಾನಾಗಿ ಆರುತ್ತದೆ. ಆ ಸೆನ್ಸರುಗಳ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳೀತು. ಕಾರು ಶುರು ಮಾಡಿದೊಡನೆ ದೀಪ ನಿಮಿಷದಷ್ಟು ಹೊತ್ತು ಮಿಣುಕಿ ನಂತರ ಸ್ಥಿರವಾಗಿ ನಿಂತರೆ, ಕೆಟ್ಟಿರುವುದು ವ್ಯವಸ್ಥೆಯೇ ಎಂದರ್ಥ.

ಮೊನ್ನೆ ಮನೆಯ ಹತ್ತಿರದ ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗ ವಾಡಿಕೆಯಂತೆ ‘ಎಷ್ಟು ಹಾಕ್ಲಿ ಸಾರ್?’ ಎಂದ. ಎಂಟು ವರ್ಷದಿಂದ ಓಡಿಸುತ್ತಿರುವ ಕಾರಿನ ಬಾಗಿಲು ತೆರೆದು, ಬಗ್ಗಿ, ಧೂಳು ಒರೆಸಿ, ಆ ಚೀಟಿಯನ್ನು ಮೊದಲ ಬಾರಿ ಓದಿದೆ. ಹಿಂದಿನ ಸರದಿಯವರು ಹಾರ್ನ್ ಬಾರಿಸುತ್ತಿದ್ದರು.